ರೇಡಿಯೊ ಅಕ್ಕನ ಅಂಚೆಪೆಟ್ಟಿಗೆ: ಮೊಬೈಲಿಗೆ ಬಂದ ಬಾನುಲಿ

ರೇಡಿಯೊ ಕೇಂದ್ರಗಳ ವೆಬ್‌ಸೈಟು, ಆ್ಯಪು ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೈಕಿನ ಮುಂದೆ ಕೂತು ಕೋರಿಕೆ ಕಾರ್ಡು ಓದುತ್ತಿದ್ದ ಹಳೆ ಉದ್ಘೋಷಕಿಗೆ ಇದಕ್ಕಿಂತ ಇನ್ನೇನು ಬೇಕು? ನಾನೇನೂ ಕಂಪ್ಯೂಟರ್ ಓದಿದವಳಲ್ಲ. ಮನೆಯಲ್ಲಿ ಎರಡು ರೇಡಿಯೊ, ಒಂದು ಫೋನು, ಎಂಜಿನಿಯರಿಂಗ್ ಮುಗಿಸಿದ ತಮ್ಮನ ಮಗ ಇದ್ದಾರೆ. ಅಷ್ಟರ ಬಲದ ಮೇಲೆ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ. ಹಾಗಾಗಿ ಎಲ್ಲರಿಗೂ ಊರಿನ ಹೆಸರಷ್ಟೇ.

ಪ್ರ: ಮಗಳು ಅಮೆರಿಕದ ಡಾಲಸ್‌ನಲ್ಲಿದ್ದಾಳೆ. ಧಾರವಾಡ ಆಕಾಶವಾಣಿ ಕೇಳಿಕೊಂಡೇ ಬೆಳೆದವಳು. ಅಲ್ಲಿಂದ ಕೇಳುವುದಕ್ಕೆ ಆಗುತ್ತದಾ? ದುಡ್ಡು ಕಟ್ಟಬೇಕಾ? (ಹಾವೇರಿ)

ಉ: ಕೇಳಬಹುದು, ದುಡ್ಡೂ ಬೇಡ. ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಎಂಬ ಆ್ಯಪ್ ಇದೆ, ಅದೇ ಹೆಸರಿನ ವೆಬ್‌ಸೈಟೂ ಇದೆ. ದೇಶದ 240ಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ಅದರಲ್ಲಿ ನೇರವಾಗಿ ಬರುತ್ತವೆ. ನಮ್ಮವೂ ಬೇಕಾದಷ್ಟಿವೆ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ, ಭದ್ರಾವತಿ, ಹಾಸನ, ಮಡಿಕೇರಿ, ಕಾರವಾರ, ಜತೆಗೆ ಶಾಸ್ತ್ರೀಯ ಸಂಗೀತದ ಅಮೃತವರ್ಷಿಣಿ. ರಾಜ್ಯ ಹುಡುಕಿ, ನಿಲಯದ ಹೆಸರು ಒತ್ತಿದರೆ ಆಯಿತು. ಹೆಸರು ಹೋಲುವ ಬೇರೆ ಆ್ಯಪುಗಳೂ ಇರುತ್ತವೆ. ಇಳಿಸಿಕೊಳ್ಳುವ ಮೊದಲು ತಯಾರಿಸಿದವರು ಪ್ರಸಾರ ಭಾರತಿಯೇ ಹೌದಾ ಎಂದು ನೋಡಿಕೊಳ್ಳಲಿ. 2024ರ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದಲ್ಲಿ ಬಿಡುಗಡೆಯಾದ, ಪ್ರಸಾರ ಭಾರತಿಯದ್ದೇ ಆದ 'ವೇವ್ಸ್' ಆ್ಯಪಿನಲ್ಲೂ ರೇಡಿಯೊ ಇದೆ. ಆದರೆ ಅಲ್ಲಿ ಸಿನಿಮಾ, ಧಾರಾವಾಹಿಗಳ ಮಧ್ಯೆ ಅದನ್ನು ಹುಡುಕಬೇಕು.

ಮಗಳಿಗೆ ಗಡಿಯಾರದ ಲೆಕ್ಕವನ್ನೂ ಹೇಳಿಬಿಡಿ. ಬೇಸಿಗೆಯಲ್ಲಿ ಡಾಲಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಧಾರವಾಡದಲ್ಲಿ ಬೆಳಗ್ಗೆ ಆರಕ್ಕೆ ಭಕ್ತಿಗೀತೆ ಹಾಕಿದರೆ ಅವಳಿಗೆ ಹಿಂದಿನ ದಿನದ ಸಂಜೆ ಏಳೂವರೆ. ಒಗ್ಗರಣೆ ಹಾಕುತ್ತಾ ಸುಪ್ರಭಾತ ಕೇಳಬೇಕು! ನಮ್ಮ ರಾತ್ರಿಯ ಸಂಗೀತ ಕಛೇರಿ ಅವಳಿಗೆ ಆಫೀಸಿನ ಹೊತ್ತು. ಅಂದರೆ ನಿಲಯದ ದಿನಚರಿಯಲ್ಲಿ ಬೆಳಗಿನ ಭಾಗ ಮಾತ್ರ ಅವಳಿಗೆ ಸಲೀಸಾಗಿ ಸಿಗುತ್ತದೆ. ನೇರ ಪ್ರಸಾರವನ್ನು ನೆಟ್‌ಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಅನ್ನುವುದು ಇಲ್ಲೇ ಗೊತ್ತಾಗುವುದು. ಇವತ್ತು ಎಷ್ಟು ಗಂಟೆಗೆ ಏನಿದೆ ಎಂಬ ಪಟ್ಟಿ ಕೈಗೆ ಸಿಕ್ಕರೆ ಅವಳು ಹೊಂದಿಸಿಕೊಂಡಾಳು. ನಾನೊಮ್ಮೆ ಒಂದು ನಿಲಯದ ಪುಟ ತೆರೆದಾಗ ಯುಗಾದಿ ಮುಗಿದಿದ್ದರೂ ಸಂಕ್ರಾಂತಿ ಶುಭಾಶಯ ಹಾಗೇ ನಿಂತಿತ್ತು. ಕಾರ್ಯಕ್ರಮದ ಪಟ್ಟಿ ಎಲ್ಲೂ ಕಾಣಲಿಲ್ಲ. ಯಾವ ನಿಲಯ ಅಂತ ಕೇಳಬೇಡಿ, ಅಲ್ಲಿ ನನ್ನ ಗೆಳತಿಯರಿದ್ದಾರೆ.

ಪ್ರ: ಅಡುಗೆಮನೆ ರೇಡಿಯೊದಲ್ಲಿ ವಾರ್ತೆಗೆ ಮುಂಚೆ ಟೂ ಟೂ ಅಂತ ಗಂಟೆ ಬಾರಿಸಿ ಮುಗಿದ ಮೇಲೆ ನಮ್ಮವರ ಫೋನಿನಲ್ಲಿ ಶುರುವಾಗುತ್ತದೆ. ಯಾವುದು ಸರಿ? ಮನೆಯಲ್ಲಿ ದಿನಾ ಜಗಳ. (ಶಿವಮೊಗ್ಗ)

ಉ: ಗೆದ್ದವರು ನೀವೇ. ಗಡಿಯಾರಕ್ಕೆ ಟೈಮ್ ಇಡುವುದಿದ್ದರೆ ರೇಡಿಯೊ ನಂಬಿ, ಫೋನಿನಲ್ಲಿ ಬರುವ ಪ್ರಸಾರವನ್ನು ನಂಬಬೇಡಿ.

ಕಾರಣ ಇಷ್ಟೇ. ಟ್ರಾನ್ಸ್‌ಮಿಟರಿನಿಂದ ಹೊರಟ ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಬರುತ್ತದೆ. ನಿಮ್ಮ ಮನೆ 50 ಕಿಲೋಮೀಟರ್ ದೂರವಿದ್ದರೂ ಅದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ದೆಹಲಿಯಿಂದ ಬರುವ ವಾರ್ತೆ ಉಪಗ್ರಹ ಹತ್ತಿ ಇಳಿಯಬೇಕು. ಅದು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಹೋಗಿ ಬರುವುದಕ್ಕೆ ಕಾಲು ಸೆಕೆಂಡು. ಇದೆಲ್ಲ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ.

ನೆಟ್‌ನಲ್ಲಿ ಹಾಗಲ್ಲ. ಅಲ್ಲಿ ದನಿಯನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ಇಡ್ಲಿ ಒಂದೊಂದಾಗಿ ಬರುವುದಿಲ್ಲ, ಒಬ್ಬೆ ಪೂರ್ತಿ ಬೆಂದ ಮೇಲೆ ಬರುತ್ತದೆ, ಅಲ್ವಾ? ಹಾಗೆ. ಒಂದು ತುಂಡು ಪೂರ್ತಿ ತಯಾರಾಗಬೇಕು. ಅದು ಸರ್ವರಿಗೆ ಹೋಗಬೇಕು. ಮಧ್ಯೆ ಸಿಗ್ನಲ್ ಹೋದರೆ ದನಿ ನಿಲ್ಲಬಾರದು ಎಂದು ನಿಮ್ಮ ಫೋನು ಎರಡು ಮೂರು ತುಂಡು ಕೂಡಿಟ್ಟುಕೊಂಡೇ ಹಾಡಲು ಶುರು ಮಾಡುತ್ತದೆ. ಇಷ್ಟರಲ್ಲಿ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡು ಕಳೆದಿರುತ್ತದೆ. ಎರಡು ಫೋನುಗಳಲ್ಲಿ ಒಂದೇ ನಿಲಯ ಹಾಕಿ ನೋಡಿ. ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ.

ಕ್ರಿಕೆಟ್ ವೀಕ್ಷಕ ವಿವರಣೆ ಕೇಳುವವರಿಗೂ ಇದೇ ಕಷ್ಟ. ಪಕ್ಕದ ಮನೆಯವರು ಕೂಗಿದ ಮೇಲೆ ನಿಮ್ಮ ಫೋನಿನಲ್ಲಿ ಬೌಲರ್ ಓಡಿ ಬರುತ್ತಾನೆ. ನೇರ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆ ಮಾಡುವವರಂತೂ ಆ್ಯಪನ್ನು ಪೂರ್ತಿ ಬಂದ್ ಮಾಡಿಯೇ ಮಾತಾಡಬೇಕು. ಇಲ್ಲದಿದ್ದರೆ ನೀವು ಆಗಲೇ ಆಡಿದ ಮಾತು ನಿಮ್ಮ ಕಿವಿಗೇ ಬಂದು ನಾಲಿಗೆ ತಡವರಿಸುತ್ತದೆ. ಸ್ಟುಡಿಯೊದಲ್ಲಿ ಕೂತು "ರೇಡಿಯೊ ಸೌಂಡ್ ಕಮ್ಮಿ ಮಾಡಿ" ಎಂದು ಹೇಳಿ ಹೇಳಿ ಸಾಕಾಗುತ್ತಿತ್ತು. ಈಗಿನ ಹುಡುಗಿಯರು "ಆ್ಯಪ್ ಆಫ್ ಮಾಡಿ" ಅನ್ನುತ್ತಿದ್ದಾರೆ.

ಪ್ರ: ದಿನಾ ನಾಲ್ಕು ಗಂಟೆ ಕೇಳುತ್ತೇನೆ. ಡೇಟಾ ಎಷ್ಟು ಖರ್ಚಾಗುತ್ತದೆ? (ಬಳ್ಳಾರಿ)

ಉ: ಪ್ರಸಾರದ ಗುಣಮಟ್ಟ ಸೆಕೆಂಡಿಗೆ 64 ಕಿಲೋಬಿಟ್ ಇದ್ದರೆ ಗಂಟೆಗೆ ಸುಮಾರು 29 ಎಂಬಿ. ನಾಲ್ಕು ಗಂಟೆಗೆ 115 ಎಂಬಿ ಆಸುಪಾಸು. 128 ಇದ್ದರೆ ಅದರ ಎರಡರಷ್ಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರು ಚಿಂತೆ ಮಾಡಬೇಕಾದದ್ದು ರೀಲ್ಸ್ ಬಗ್ಗೆ, ರೇಡಿಯೊ ಬಗ್ಗೆ ಅಲ್ಲ.

ಪ್ರ: ಆಕಾಶವಾಣಿ ಹೊನ್ನಾವರದಲ್ಲೂ ಸಿಗುತ್ತದೆ, ದುಬೈನಲ್ಲೂ ಸಿಗುತ್ತದೆ. ಬೆಂಗಳೂರಿನಲ್ಲಿ ಕೇಳುತ್ತಿದ್ದ ಖಾಸಗಿ ಎಫ್‌ಎಂ ಊರಿಗೆ ಬಂದರೆ ನೆಟ್‌ನಲ್ಲಿ ಯಾಕೆ ಸಿಗುವುದಿಲ್ಲ? ಅವರ ವೆಬ್‌ಸೈಟ್ ತೆರೆದರೆ ಬರೀ ಹರಟೆಯ ತುಣುಕುಗಳು. (ಹೊನ್ನಾವರ)

ಉ: ಹಾಡಿನ ಹಕ್ಕು ತಮ್ಮಾ, ಹಾಡಿನ ಹಕ್ಕು.

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ, ರೇಡಿಯೊ ಸಿಟಿ. ಖಾಸಗಿ ನಿಲಯಗಳು ಸರ್ಕಾರದಿಂದ ಪಡೆಯುವ ಪರವಾನಗಿ ಒಂದು ಊರಿಗೆ, ಒಂದು ತರಂಗಾಂತರಕ್ಕೆ. ಹಾಡು ಹಾಕುವುದಕ್ಕೆ ಸಂಗೀತ ಕಂಪನಿಗಳಿಗೆ ಬೇರೆ ಹಣ ಕೊಡಬೇಕು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 31ಡಿ ಎಂಬ ಕಲಂ ಸೇರಿತು. ರೇಡಿಯೊ, ಟೀವಿಯವರು ನಿಗದಿಯಾದ ಶುಲ್ಕ ಕಟ್ಟಿ ಹಾಡು ಹಾಕಬಹುದು, ಕಂಪನಿ ಬೇಡ ಅನ್ನುವ ಹಾಗಿಲ್ಲ. ಇದು ಇಂಟರ್ನೆಟ್ಟಿಗೂ ಅನ್ವಯಿಸುತ್ತದಾ ಎಂಬ ಜಗಳ ಬಾಂಬೆ ಹೈಕೋರ್ಟಿಗೆ ಹೋಯಿತು. 2019ರಲ್ಲಿ ಟಿಪ್ಸ್ ಎಂಬ ಸಂಗೀತ ಕಂಪನಿ ಮತ್ತು ವಿಂಕ್ ಎಂಬ ಹಾಡಿನ ಆ್ಯಪ್ ನಡುವಿನ ಕೇಸಿನಲ್ಲಿ ಕೋರ್ಟು ಇಲ್ಲ ಎಂದಿತು. 2022ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಂದರೆ ಗಾಳಿಯಲ್ಲಿ ಹಾಕಿದ ಹಾಡನ್ನೇ ನೆಟ್‌ನಲ್ಲಿ ಹಾಕಬೇಕಾದರೆ ಕಂಪನಿಯ ಜತೆ ಮತ್ತೆ ಕೂತು ಚೌಕಾಸಿ ಮಾಡಬೇಕು. ಅದಕ್ಕೇ ಆರ್‌ಜೆಗಳ ಮಾತು, ಸಂದರ್ಶನ, ತಮಾಷೆ ಕರೆ ಮಾತ್ರ ವೆಬ್‌ಸೈಟಿಗೆ ಬರುತ್ತವೆ. ಮಾತು ಅವರದ್ದೇ ಆಸ್ತಿ. ಹಾಡು ಬಾಡಿಗೆಯದ್ದು.

ಇದು ನಮ್ಮ ದೇಶದ ತೊಂದರೆ ಮಾತ್ರ ಅಲ್ಲ. ಭೂಗೋಳ ತಿರುಗಿಸಿ ಯಾವ ಊರಿನ ರೇಡಿಯೊ ಬೇಕಾದರೂ ಕೇಳಬಹುದಾದ 'ರೇಡಿಯೊ ಗಾರ್ಡನ್' 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಯಿತು. ನನಗೆ ತುಂಬ ಇಷ್ಟವಾದ ತಾಣ. ಹಕ್ಕಿನ ತಕರಾರಿನಿಂದಾಗಿ 2022ರಿಂದ ಬ್ರಿಟನ್ನಿನಲ್ಲಿ ಕೂತವರಿಗೆ ಅದರಲ್ಲಿ ಬ್ರಿಟನ್ನಿನ ನಿಲಯಗಳು ಮಾತ್ರ ಕೇಳುತ್ತವೆ. ಬಿಬಿಸಿಯೂ ತನ್ನ 'ಸೌಂಡ್ಸ್' ಆ್ಯಪನ್ನು 2025ರ ಜುಲೈಯಲ್ಲಿ ಹೊರದೇಶದವರಿಗೆ ಮುಚ್ಚಿ, ಬೇರೆ ಆ್ಯಪಿಗೆ ಹೋಗಿ ಎಂದಿತು. ರೇಡಿಯೊಕ್ಕೆ ಗಡಿ ಇಲ್ಲ ಎಂದು ಭಾಷಣದಲ್ಲಿ ಹೇಳಿದ್ದೇ ಹೇಳಿದ್ದು. ಈಗ ವಕೀಲರು ಬೇಲಿ ಹಾಕುತ್ತಿದ್ದಾರೆ.

ಪ್ರ: ಹಿಂದೊಮ್ಮೆ ರಾತ್ರಿ ಹಳಗನ್ನಡ ಕಾವ್ಯದ ಬಗ್ಗೆ ಒಂದು ಒಳ್ಳೆಯ ಭಾಷಣ ಬಂತು. ಅರ್ಧ ಕೇಳುವಷ್ಟರಲ್ಲಿ ಕರೆಂಟು ಹೋಯಿತು. ನಿಲಯದ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗಲಿಲ್ಲ. ಒಂದು ಸಲ ಪ್ರಸಾರವಾದದ್ದನ್ನು ಇಟ್ಟುಕೊಳ್ಳುವುದಿಲ್ಲವೇ? (ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ)

ಉ: ಮೇಷ್ಟ್ರೇ, ಈ ಪ್ರಶ್ನೆಗೆ ಒಂದು ಸಂಚಿಕೆಯೇ ಬೇಕು. ಆದಷ್ಟು ಹೇಳುತ್ತೇನೆ.

ಮೊದಲು ಹಳೆ ಕಥೆ. ನಮ್ಮ ಕಾಲದಲ್ಲಿ ಧ್ವನಿಮುದ್ರಣ ಸ್ಪೂಲ್ ಟೇಪಿನ ಮೇಲೆ. ಟೇಪು ದುಬಾರಿ. ಪ್ರಸಾರ ಮುಗಿದ ಮೇಲೆ ಅದನ್ನು ಅಳಿಸಿ ಮುಂದಿನ ವಾರದ ಕೃಷಿ ಕಾರ್ಯಕ್ರಮಕ್ಕೆ ಕೊಡುತ್ತಿದ್ದರು. ದೊಡ್ಡ ಸಂಗೀತಗಾರರು, ದೊಡ್ಡ ಸಾಹಿತಿಗಳದ್ದಾದರೆ ಲೈಬ್ರರಿಗೆ ಹೋಗುತ್ತಿತ್ತು. ಯಾರು ದೊಡ್ಡವರು ಅಂತ ತೀರ್ಮಾನಿಸುವವರು ಆ ಹೊತ್ತಿನ ಅಧಿಕಾರಿ. ಎಷ್ಟೋ ಒಳ್ಳೆಯ ದನಿ ಹೀಗೆ ಒರೆಸಿಹೋಗಿದೆ. ಲಂಡನ್ನಿನ ಬಿಬಿಸಿಯಲ್ಲೂ ಇದೇ ಕಥೆ.

ಈಗ ಟೇಪಿನ ಖರ್ಚಿಲ್ಲ, ಕಂಪ್ಯೂಟರಿನಲ್ಲೇ ಇರುತ್ತದೆ. ಹಾಗಾದರೆ ಯಾಕೆ ಹಾಕುವುದಿಲ್ಲ? ಎರಡು ತೊಡಕು. ಭಾಷಣಕಾರರ ಜತೆ, ಕಲಾವಿದರ ಜತೆ ಮಾಡಿಕೊಂಡ ಹಳೆ ಒಪ್ಪಂದ ಪ್ರಸಾರಕ್ಕೆ ಮಾತ್ರ. ಯಾವಾಗ ಬೇಕಾದರೂ ಕೇಳುವ ಹಾಗೆ ನೆಟ್‌ನಲ್ಲಿ ಇಡುವುದಕ್ಕೆ ಬೇರೆ ಒಪ್ಪಿಗೆ ಬೇಕು. ಎರಡನೆಯದು ಆಳು. ಕಡತಕ್ಕೆ ಹೆಸರು ಕೊಟ್ಟು, ತಾರೀಖು ಹಾಕಿ, ಮಾತಾಡಿದವರು ಯಾರು, ವಿಷಯ ಏನು ಎಂದು ಬರೆದು ಏರಿಸುವುದಕ್ಕೆ ಒಬ್ಬರು ಕೂರಬೇಕು. ಆ ಖುರ್ಚಿ ಖಾಲಿ ಇದ್ದರೆ ಎಲ್ಲ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಹಾಗಂತ ಏನೂ ಸಿಗುವುದಿಲ್ಲ ಅಂತಲ್ಲ. ನ್ಯೂಸ್ ಆನ್ ಏರ್ ವೆಬ್‌ಸೈಟಿನಲ್ಲಿ ವಾರ್ತೆಯನ್ನು ಆಮೇಲೂ ಕೇಳಬಹುದು. ಬೆಂಗಳೂರು, ಧಾರವಾಡದಿಂದ ಬರುವ ಪ್ರದೇಶ ಸಮಾಚಾರವೂ ಅಲ್ಲಿದೆ. ನಿಲಯಗಳು ಯೂಟ್ಯೂಬಿನಲ್ಲಿ ತಮ್ಮ ಚಾನೆಲ್ ಮಾಡಿಕೊಂಡು ನಾಟಕ, ಸಂದರ್ಶನ ಏರಿಸುತ್ತಿವೆ. ಆದ್ದರಿಂದ ವೆಬ್‌ಸೈಟಿಗಿಂತ ಮೊದಲು ಯೂಟ್ಯೂಬಿನಲ್ಲಿ 'ಆಕಾಶವಾಣಿ' ಎಂದು ನಿಲಯದ ಹೆಸರಿನ ಜತೆ ಕನ್ನಡದಲ್ಲೇ ಬರೆದು ಹುಡುಕಿ. ಅಲ್ಲೂ ಇಲ್ಲ ಅಂದರೆ ನಿಲಯಕ್ಕೆ ಫೋನ್ ಮಾಡಿ ಡ್ಯೂಟಿ ರೂಮಿಗೆ ಕೊಡಿ ಅನ್ನಿ. ತಾರೀಖು, ಸಮಯ ಎರಡನ್ನೂ ಹೇಳಿ. ಅದಿಲ್ಲದೆ "ಮೊನ್ನೆ ರಾತ್ರಿ ಬಂದದ್ದು" ಅಂದರೆ ಯಾರಿಗೂ ಹುಡುಕಲಾಗದು. ಮರುಪ್ರಸಾರ ಯಾವಾಗ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿದವರು ಇದ್ದಾರೆ ಎಂದು ಗೊತ್ತಾದರೆ ಮರುಪ್ರಸಾರ ಮಾಡುತ್ತಾರೆ ಕೂಡ. ಇದು ಒಳಗಿದ್ದವಳ ಮಾತು.

ಹೊರಗಿನವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುವುದು ಒಂದೇ ವಿಷಯಕ್ಕೆ. ಬಿಬಿಸಿಯವರು ತಮ್ಮ ಬಹಳಷ್ಟು ರೇಡಿಯೊ ಕಾರ್ಯಕ್ರಮಗಳನ್ನು ಪ್ರಸಾರದ ನಂತರ 30 ದಿನ ಕೇಳಲು ಇಡುತ್ತಾರೆ. ಅದಿರಲಿ. 2014ರಲ್ಲಿ ಅವರು 'ಜೀನೋಮ್' ಎಂಬ ತಾಣ ತೆರೆದರು. 1923ರಿಂದ 2009ರವರೆಗಿನ ಅವರ ಕಾರ್ಯಕ್ರಮ ಪತ್ರಿಕೆಯ ಪಟ್ಟಿಗಳೆಲ್ಲ ಅದರಲ್ಲಿವೆ. ಯಾವುದೋ ಒಂದು ಸಂಜೆ ಯಾರು ಹಾಡಿದರು ಎಂದು ಯಾರು ಬೇಕಾದರೂ ಹುಡುಕಬಹುದು. ದನಿ ಹೋಗಿದ್ದರೂ ದಾಖಲೆ ಉಳಿದಿದೆ. ನಮ್ಮಲ್ಲೂ 1935ರಿಂದ 'ಇಂಡಿಯನ್ ಲಿಸನರ್' ಎಂಬ ಕಾರ್ಯಕ್ರಮ ಪತ್ರಿಕೆ ಬರುತ್ತಿತ್ತು. ಅದರ ಹಳೆ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಪ್ರಸಾರ ಭಾರತಿಯ ಸಂಗ್ರಹಾಲಯದವರು ನೆಟ್‌ನಲ್ಲಿ ಹಾಕಿದ್ದಾರೆ. ಇಂಗ್ಲಿಷಿನಲ್ಲಿದೆ. ಬಿಡುವಿದ್ದಾಗ ತೆರೆದು ನೋಡಿ ಮೇಷ್ಟ್ರೇ, ಜಾಹೀರಾತುಗಳೇ ಒಂದು ಮಜಾ. ನಮ್ಮ ನಿಲಯಗಳ ಹಳೆ ದಿನಚರಿಗಳನ್ನೂ ಯಾರಾದರೂ ಹೀಗೆ ಹಾಕಿದರೆ ನಾನೇ ಕೂತು ಟೈಪು ಮಾಡಿಕೊಡುತ್ತೇನೆ.

ಪ್ರ: ಮೊದಲು ಕಾರ್ಡು ಬರೆದರೆ ರೇಡಿಯೊದಲ್ಲಿ ಹೆಸರು ಓದುತ್ತಿದ್ದರು. ಈಗ ವಾಟ್ಸ್ಆ್ಯಪ್ ಮಾಡಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ನಿಜವಾಗಿ ಯಾರಾದರೂ ಓದುತ್ತಾರಾ? (ಸಾಗರ)

ಉ: ಓದುತ್ತಾರೆ. ನೇರ ಕಾರ್ಯಕ್ರಮ ನಡೆಯುವಾಗ ನಿರೂಪಕಿಯ ಎದುರಿಗೇ ಆ ಪರದೆ ಇರುತ್ತದೆ. ಆದರೆ ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ.

ಕೋರಿಕೆ ಕಾರ್ಯಕ್ರಮದ ಸುಖ ಹಾಡಿನಲ್ಲಿ ಅರ್ಧ, ಹೆಸರಿನ ಪಟ್ಟಿಯಲ್ಲಿ ಅರ್ಧ. ಈಗ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯ್ಯಾ ಎಂಬ ಸಣ್ಣ ಊರು ಇಡೀ ದೇಶಕ್ಕೆ ಗೊತ್ತಾದದ್ದೇ ಅಲ್ಲಿನವರು ಹಾಡು ಕೋರಿ ಬರೆಯುತ್ತಿದ್ದ ಪತ್ರಗಳಿಂದ. ರೇಡಿಯೊ ಸಿಲೋನಿನಲ್ಲಿ 1952ರಲ್ಲಿ ಶುರುವಾದ 'ಬಿನಾಕಾ ಗೀತಮಾಲಾ'ಕ್ಕೆ ಬರುತ್ತಿದ್ದ ಪತ್ರಗಳ ರಾಶಿಯ ಬಗ್ಗೆ ಅದರ ನಿರೂಪಕ ಅಮೀನ್ ಸಯಾನಿಯವರು ಜೀವನವಿಡೀ ಹೇಳುತ್ತಿದ್ದರು. ನಮ್ಮಲ್ಲೂ ಅಷ್ಟೇ. 15 ಪೈಸೆಯ ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಇರುತ್ತಿತ್ತು, ಹಾಡಿನ ಸಾಲು ಮಾತ್ರ ಮೂಲೆಯಲ್ಲಿ. ಹೆಸರು ತಪ್ಪಾಗಿ ಓದಿದರೆ ಮುಂದಿನ ವಾರ ಕಾರ್ಡು ಖಂಡಿತ, ಕೆಂಪು ಶಾಯಿಯಲ್ಲಿ.

ಈಗ ನಿಲಯಕ್ಕೆ ಬೇರೆ ತರಹದ ಲೆಕ್ಕ ಸಿಗುತ್ತದೆ. ನೆಟ್‌ನಲ್ಲಿ ಈ ಹೊತ್ತು ಎಷ್ಟು ಜನ ಕೇಳುತ್ತಿದ್ದಾರೆ, ಯಾವ ಊರಿಂದ, ಯಾವ ದೇಶದಿಂದ ಎಂದು ಗೊತ್ತಾಗುತ್ತದೆ. ಆಕಾಶವಾಣಿಯ ನೇರ ಪ್ರಸಾರ ಯಾವ ಊರು, ಯಾವ ದೇಶಗಳಲ್ಲಿ ಜಾಸ್ತಿ ಕೇಳುತ್ತಾರೆ ಎಂಬ ಪಟ್ಟಿಯನ್ನು ಪ್ರಸಾರ ಭಾರತಿ 2021ರಲ್ಲಿ ಬಿಡುಗಡೆ ಮಾಡುತ್ತಿತ್ತು. ನಮ್ಮ ಕಾಲದಲ್ಲಿ ಇದು ಕನಸು. ಕೆಂಪು ದೀಪ ಹತ್ತಿದ ಮೇಲೆ ಒಬ್ಬರು ಕೇಳುತ್ತಿದ್ದಾರೋ ಲಕ್ಷ ಜನರೋ, ದೇವರಿಗೇ ಗೊತ್ತು. ಆದರೆ ಈ ಸಂಖ್ಯೆ ನೋಡಿ ಕೆಲವರಿಗೆ ಪತ್ರ ಬೇಡವಾಗಿದೆ. ಅದು ನನಗೆ ಹಿಡಿಸುವುದಿಲ್ಲ. ಹೊನ್ನಾಳಿಯಿಂದ ಮೂವತ್ತು ಜನ ಕೇಳಿದರು ಎಂದು ಪರದೆ ಹೇಳುತ್ತದೆ. ಅಡಿಕೆ ಕೊಳೆರೋಗದ ಮದ್ದಿನ ಪ್ರಮಾಣ ಬೇಗ ಓದಿಬಿಟ್ಟಿರಿ, ಬರೆದುಕೊಳ್ಳಲಾಗಲಿಲ್ಲ ಎಂದು ಹೇಳುವುದು ಪತ್ರವೇ.

ಹಾಗಾದರೆ ವೆಬ್‌ಸೈಟು ಮಾಡಬೇಕಾದದ್ದೇನು? ಆ ಮದ್ದಿನ ಪ್ರಮಾಣವನ್ನು ಬರೆದು ಹಾಕಬೇಕು. ಅಡುಗೆ ಕಾರ್ಯಕ್ರಮದ ಅಳತೆ, ವೈದ್ಯರು ಹೇಳಿದ ಪರೀಕ್ಷೆಯ ಹೆಸರು, ಅರ್ಜಿಯ ಕೊನೆ ತಾರೀಖು ಎಲ್ಲವನ್ನೂ. ಕಿವಿಯಲ್ಲಿ ಕೇಳಿ ಕೈಯಲ್ಲಿ ಬರೆದುಕೊಳ್ಳಲಾಗದ್ದು ಏನಿದೆಯೋ ಅದೆಲ್ಲ ಅಲ್ಲಿ ಇರಬೇಕು. ಕೇಳುಗರ ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರ ಎರಡೂ ಕಾಣಬೇಕು. ಅತಿಥಿಗಳ ಜತೆ ಸಾಲಾಗಿ ನಿಂತ ಫೋಟೊ ಎರಡು ಕಮ್ಮಿಯಾದರೂ ಪರವಾಗಿಲ್ಲ.

ನಿಮ್ಮ ಕಡೆಯಿಂದಲೂ ಸ್ವಲ್ಪ ಸಹಾಯ ಬೇಕು. ಕಾರ್ಯಕ್ರಮದ ಹೆಸರು, ತಾರೀಖು, ನಿಮ್ಮ ಹೆಸರು, ಊರು ಬರೆಯಿರಿ. ದನಿ ಕಳಿಸುವುದಾದರೆ ಫ್ಯಾನ್ ಆರಿಸಿ, ಅರ್ಧ ನಿಮಿಷದೊಳಗೆ ಮುಗಿಸಿ. ಅದನ್ನು ನೇರವಾಗಿ ಪ್ರಸಾರಕ್ಕೇ ಬಳಸಬಹುದು. ಪ್ರಧಾನಿಯವರ 'ಮನ್ ಕೀ ಬಾತ್' 2014ರ ಅಕ್ಟೋಬರಿನಿಂದ ಬರುತ್ತಿದೆಯಲ್ಲ, ಅದಕ್ಕೆ ಕೇಳುಗರು ಉಚಿತ ದೂರವಾಣಿಯಲ್ಲಿ ತಮ್ಮ ದನಿಯನ್ನೇ ಮುದ್ರಿಸಿ ಕಳಿಸುವ ವ್ಯವಸ್ಥೆ ಇದೆ. ಸಣ್ಣ ನಿಲಯಕ್ಕೆ ಒಂದು ವಾಟ್ಸ್ಆ್ಯಪ್ ನಂಬರಿನಲ್ಲೇ ಅಷ್ಟು ಮಾಡಲಾಗುತ್ತದೆ. ಹಾಂ, ದಯವಿಟ್ಟು ಗುಲಾಬಿ ಹೂವಿನ ಶುಭೋದಯ ಮಾತ್ರ ಕಳಿಸಬೇಡಿ. ಅದರ ಕೆಳಗೆ ನಿಜವಾದ ಪತ್ರಗಳು ಹೂತುಹೋಗುತ್ತವೆ.

ಪ್ರ: ನನಗೆ ಕಣ್ಣು ಕಾಣುವುದಿಲ್ಲ. ಹಳೆ ರೇಡಿಯೊದ ಗುಂಡಿ ತಿರುಗಿಸುವುದು ಅಭ್ಯಾಸ. ಫೋನಿನಲ್ಲಿ ಕೆಲವು ರೇಡಿಯೊ ಆ್ಯಪು ತೆರೆದರೆ 'ಬಟನ್, ಬಟನ್' ಎಂದಷ್ಟೇ ಹೇಳುತ್ತದೆ. ಏನು ಮಾಡಲಿ? (ಕಲಬುರಗಿ)

ಉ: ರೇಡಿಯೊದವರು ಇದನ್ನು ಓದಿ ನಾಚಬೇಕು. ಕಣ್ಣಿಲ್ಲದವರ ಅತ್ಯಂತ ಹಳೆಯ ಗೆಳೆಯ ರೇಡಿಯೊ. ಅದರ ಆ್ಯಪೇ ಅವರಿಗೆ ಬಾಗಿಲು ಹಾಕಿದರೆ ಹೇಗೆ? ಪರದೆಯನ್ನು ಓದಿ ಹೇಳುವ ಆಂಡ್ರಾಯ್ಡಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಎರಡೂ ಗುಂಡಿಯ ಹಿಂದೆ ಬರೆದಿಟ್ಟ ಹೆಸರನ್ನು ಓದುತ್ತವೆ. ಆ್ಯಪು ಮಾಡಿದವರು ಹೆಸರು ಬರೆಯದೆ ಬರೀ ಚಿತ್ರ ಇಟ್ಟರೆ ಅವು 'ಬಟನ್' ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಯಾವ ಪುಟ, ಎಷ್ಟನೇ ಗುಂಡಿ ಎಂದು ಬರೆದು ಆ್ಯಪಿನವರಿಗೆ ದೂರು ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರನ್ನೂ ಸೇರಿಸಿ. ಕೆಲಸ ಬೇಗ ಆಗುತ್ತದೆ.

ಅಲ್ಲಿಯವರೆಗೆ ಒಂದು ದಾರಿ ಇದೆ. ಆಕಾಶವಾಣಿಯ ವಾಹಿನಿಗಳು ಅಲೆಕ್ಸಾ ಸ್ಪೀಕರಿನಲ್ಲಿ 2019ರಿಂದ ಸಿಗುತ್ತಿವೆ. ನಿಲಯದ ಹೆಸರು ಬಾಯಲ್ಲಿ ಹೇಳಿದರೆ ಸಾಕು. ನಿಮ್ಮ ಹಳೆ ರೇಡಿಯೊವನ್ನು ಮಾತ್ರ ಗುಜರಿಗೆ ಹಾಕಬೇಡಿ.

ಪ್ರ: ಅಪ್ಪನ ಶಾರ್ಟ್‌ವೇವ್ ರೇಡಿಯೊ ಇದೆ. ಬಿಬಿಸಿ ಹಿಂದಿ ಸಿಗುತ್ತಿಲ್ಲ. ಕೆಟ್ಟಿದೆಯಾ? (ಕಾರವಾರ)

ಉ: ರೇಡಿಯೊ ಕೆಟ್ಟಿಲ್ಲ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು. ಈಗ ಅದು ನೆಟ್‌ನಲ್ಲಿ. ಶಾರ್ಟ್‌ವೇವಿನ ಗೊರಗೊರ ಸದ್ದೇ ಬೇಕು ಅನ್ನುವ ಹುಚ್ಚು ನಿಮ್ಮ ಅಪ್ಪನಿಗೆ ಇದ್ದರೆ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತಾಣ ತೋರಿಸಿ. ಅಲ್ಲಿರುವುದು ನಿಜವಾದ ಗ್ರಾಹಕ ಯಂತ್ರ, ನಿಜವಾದ ಆಂಟೆನಾ. ಕಾರವಾರದಲ್ಲಿ ಕೂತು ಅದರ ಮುಳ್ಳು ತಿರುಗಿಸಬಹುದು. ಒಂದೇ ಹೊತ್ತಿಗೆ ನೂರಾರು ಜನ ಬೇರೆ ಬೇರೆ ಕಡೆ ತಿರುಗಿಸಿದರೂ ಯಾರಿಗೂ ಅಡ್ಡಿಯಾಗುವುದಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ ಅಂತ ಅಮ್ಮ ನನ್ನನ್ನು ಬೈಯಬಾರದು.

ಪ್ರ: ಹೊಸ ಫೋನಿನಲ್ಲಿ ಎಫ್‌ಎಂ ಇಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಇರುವುದಿಲ್ಲ. (ಮಡಿಕೇರಿ ಹತ್ತಿರದ ಹಳ್ಳಿ)

ಉ: ಕರೆಂಟು ಹೋಗಿ ಟವರು ಬಿದ್ದಾಗ ಆ್ಯಪು ನಿಮ್ಮ ಪಾಲಿಗೆ ಇಲ್ಲ. ಆಗ ಬೇಕಾದದ್ದು 103.1ರಲ್ಲಿ ಬರುವ ಮಡಿಕೇರಿ ಆಕಾಶವಾಣಿ ಮತ್ತು ಎರಡು ಸೆಲ್ಲು. ಫೋನಿನಲ್ಲಿ ಎಫ್‌ಎಂ ಸೌಲಭ್ಯವನ್ನು ಕಿತ್ತುಹಾಕಬೇಡಿ, ಬಂದ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲಿನಲ್ಲಿ ತಯಾರಕರಿಗೆ ಸೂಚನೆ ಕೊಟ್ಟಿತ್ತು. ಪ್ರವಾಹ, ಭೂಕುಸಿತದ ಹೊತ್ತಿಗೆ ಬೇಕು ಅನ್ನುವುದೂ ಒಂದು ಕಾರಣ. ಆದರೂ ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಬೇಕಾದ ಪರಿಸ್ಥಿತಿ. ಎಫ್‌ಎಂ ಇದ್ದರೂ ತಂತಿ ಇರುವ ಇಯರ್‌ಫೋನ್ ಬೇಕು, ಅದರ ತಂತಿಯೇ ಆಂಟೆನಾ. ಕರೆಂಟು ಇದ್ದರೆ ಡಿಡಿ ಫ್ರೀ ಡಿಶ್‌ನಲ್ಲೂ ಆಕಾಶವಾಣಿಯ ಹಲವು ವಾಹಿನಿಗಳು ಬರುತ್ತವೆ, ನೆಟ್ ಬೇಡ.

ಪ್ರ: ನಮ್ಮದು ಸಣ್ಣ ಸಮುದಾಯ ಬಾನುಲಿ ಕೇಂದ್ರ. ವೆಬ್‌ಸೈಟ್ ಮಾಡಿಸಲು ಒಬ್ಬರು ದೊಡ್ಡ ಮೊತ್ತ ಹೇಳುತ್ತಿದ್ದಾರೆ. ನಮ್ಮ ಪ್ರಸಾರ ಹೋಗುವುದೇ ಹತ್ತು ಹದಿನೈದು ಕಿಲೋಮೀಟರ್. ಬೇಕಾ? (ಕೋಲಾರ ಜಿಲ್ಲೆ)

ಉ: ವೆಬ್‌ಸೈಟ್ ಬೇಕು, ದೊಡ್ಡ ಮೊತ್ತ ಬೇಡ. ನಿಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' 2001ರಲ್ಲಿ ಶುರುವಾದಾಗ ಗಾಳಿಯಲ್ಲಿ ಪ್ರಸಾರ ಮಾಡಲು ಸಂಘಸಂಸ್ಥೆಗಳಿಗೆ ಅನುಮತಿಯೇ ಇರಲಿಲ್ಲ. ಅವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಅದಕ್ಕೂ ಮೊದಲು, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಮಾಡಿದವರು. ಇವರ್ಯಾರೂ ಮೊದಲು ಬೋರ್ಡು ಬರೆಸಿ ಆಮೇಲೆ ಕೆಲಸ ಶುರು ಮಾಡಲಿಲ್ಲ.

ಒಂದೇ ಪುಟ ಸಾಕು. ಮೇಲ್ಗಡೆ ತರಂಗಾಂತರ, ಇವತ್ತಿನ ಕಾರ್ಯಕ್ರಮ ಮತ್ತು ಸಮಯ, ಫೋನ್ ನಂಬರು. ಕೆಳಗೆ ವಾರಕ್ಕೆ ಒಂದು ಧ್ವನಿಮುದ್ರಣ. ಸೋಬಾನೆ ಹಾಡುವ ಅಜ್ಜಿ, ಕೆರೆಯ ಬಗ್ಗೆ ಮಾತಾಡಿದ ನೀರುಗಂಟಿ, ಇಂಥವು. ಹಾಡಿದವರ ಹೆಸರು, ಊರು, ತಾರೀಖು ಬರೆಯಿರಿ. ನೆಟ್‌ಗೆ ಹಾಕುತ್ತೇವೆ ಎಂದು ಅವರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ಸಿನಿಮಾ ಹಾಡು ಮಾತ್ರ ಬೇಡ, ಹೊನ್ನಾವರದವರಿಗೆ ಕೊಟ್ಟ ಉತ್ತರ ಓದಿ. ಪಟ್ಟಿಯನ್ನು ದಿನಾ ಬದಲಿಸುವ ಕೆಲಸ ಯಾರದ್ದು ಎಂದು ಮೊದಲೇ ಗೊತ್ತು ಮಾಡಿ. ಅಂಥವರು ಸಿಗದಿದ್ದರೆ ವೆಬ್‌ಸೈಟನ್ನೇ ಮಾಡಬೇಡಿ. ಬೆಂಗಳೂ​ರಿಗೆ ಕೆಲಸಕ್ಕೆ ಹೋದ ನಿಮ್ಮೂರ ಹುಡುಗರು ಆ ಪುಟ ತೆರೆಯುವುದು ಊರಿನ ಸುದ್ದಿಗೆ, ಊರಿನ ಮಾತಿಗೆ. ಅವರಿಗೆ ಬಣ್ಣ ಮುಖ್ಯವಲ್ಲ.

ಪ್ರ: ಇಷ್ಟೆಲ್ಲ ಹೇಳುತ್ತೀರಲ್ಲ ಅಕ್ಕಾ, ನೀವು ಕೇಳುವುದು ಫೋನಿನಲ್ಲಾ, ರೇಡಿಯೊದಲ್ಲಾ? (ಉಡುಪಿ)

ಉ: ಬೆಳಗ್ಗೆ ವಾರ್ತೆ, ಚಿಂತನ ಅಡುಗೆಮನೆಯ ರೇಡಿಯೊದಲ್ಲಿ. ನಿಮ್ಮ ಕಡೆಯ ಮಂಗಳೂರು ನಿಲಯದ ತಾಳಮದ್ದಳೆ ಫೋನಿನಲ್ಲಿ. ಅದು ನಮ್ಮ ಮನೆಯ ರೇಡಿಯೊಕ್ಕೆ ನಿಲುಕುವುದಿಲ್ಲ. ಅರ್ಥಧಾರಿಗಳು ವಾದಕ್ಕೆ ನಿಂತ ಹೊತ್ತಿಗೇ ಸರಿಯಾಗಿ ಯಾರಾದರೂ ಕರೆ ಮಾಡುತ್ತಾರೆ. ಅದೊಂದು ಕಾಟಕ್ಕೆ ಮದ್ದು ಗೊತ್ತಿದ್ದರೆ ನೀವೇ ನನಗೆ ಬರೆಯಿರಿ.

(ಮುಂದಿನ ತಿಂಗಳ ವಿಷಯ: ಮನೆಯಲ್ಲಿರುವ ಹಳೆ ಕ್ಯಾಸೆಟ್ಟುಗಳ ದನಿಯನ್ನು ಉಳಿಸಿಕೊಳ್ಳುವುದು. ಪ್ರಶ್ನೆಗಳು 10ನೇ ತಾರೀಖಿನೊಳಗೆ ತಲುಪಲಿ. ಕಾರ್ಡಿನಲ್ಲಿ ಬರೆದವರಿಗೆ ಮೊದಲ ಉತ್ತರ.)